ಹನ್ನೆರಡು ಘನ ಅಡಿಯ ಹೊಂಗೆಯಮ್ಮ

ನನ್ನ ಲೆಕ್ಕ ತಪ್ಪಾಗಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು ಅಂತ ಅವತ್ತು ಬೆಳಿಗ್ಗೆ ಗುಡಿಯ ಕಂಬದ ಹಿಂದೆ ನಿಂತು ನನಗೆ ನಾನೇ ಹೇಳಿಕೊಂಡೆ. ತಪ್ಪಾಗಿದ್ದರೆ ಜನ ಬೈಯುತ್ತಿದ್ದರು, ನಾನು ತಲೆ ತಗ್ಗಿಸುತ್ತಿದ್ದೆ, ಅಲ್ಲಿಗೆ ಮುಗಿಯುತ್ತಿತ್ತು. ತಲೆ ತಗ್ಗಿಸುವುದು ನನಗೆ ಚೆನ್ನಾಗಿ ಬರುತ್ತದೆ. ಆದರೆ ಲೆಕ್ಕ ಸರಿಯಾಗಿತ್ತು. ಸರಿಯಾದ ಲೆಕ್ಕಕ್ಕೆ ಕ್ಷಮೆ ಕೇಳುವುದು ಹೇಗೆ ಅಂತ ಹುಣಸೂರಿನಲ್ಲಿ ಬಿ.ಎಸ್ಸಿ. ಓದುವಾಗ ಯಾರೂ ಹೇಳಿಕೊಟ್ಟಿರಲಿಲ್ಲ.

ಇನ್ನೊಂದು ಚಿಂತೆಯೂ ಇತ್ತು. ಅದರ ಗಾತ್ರ ಒಂದೂವರೆ ಘನ ಅಡಿ. ನಮ್ಮ ಮನೆಯ ದೇವರ ಪೆಟ್ಟಿಗೆಯೊಳಗೆ ಏನೂ ಇಲ್ಲ ಅನ್ನುವುದು ನನಗೂ ಗೊತ್ತಿತ್ತು, ಅಪ್ಪನಿಗೂ ಗೊತ್ತಿತ್ತು. ಗೊತ್ತಿದೆ ಅಂತ ಒಬ್ಬರಿಗೊಬ್ಬರು ಹೇಳಿಕೊಂಡಿರಲಿಲ್ಲ, ಅಷ್ಟೇ.

ನಮ್ಮೂರು ಹಾರನಹಳ್ಳಿ ಹೋಬಳಿಯಲ್ಲಿದೆ. ಊರ ಗುಡಿಯಲ್ಲಿರುವುದು ಎರಡು ಬೆಳ್ಳಿ ಕಣ್ಣು ಅಂಟಿಸಿದ ಒಂದು ಕಲ್ಲು ಮಾತ್ರ. ನಿಜವಾದ ಹೊಂಗೆಯಮ್ಮ ಇರುವುದು ಎಂಟು ಮನೆಗಳ ಎಂಟು ಮರದ ಪೆಟ್ಟಿಗೆಗಳಲ್ಲಿ. ತನಗಾಗಿ ಮಕ್ಕಳು ಕಿತ್ತಾಡಬಾರದು ಅಂತ ಅಮ್ಮ ತನ್ನನ್ನು ತಾನೇ ಎಂಟು ಪಾಲು ಮಾಡಿ ಹಂಚಿದಳಂತೆ. ಗುಡಿ ಕಮಿಟಿ ಅಧ್ಯಕ್ಷ ಕಾಂತರಾಜಣ್ಣನ ಮನೆಯಲ್ಲಿ ಮುಖ. ಊರಿಗೇ ಹಿರಿಯಳಾದ ದೊಡ್ಡತಾಯಜ್ಜಿಯ ಮನೆಯಲ್ಲಿ ಮುಡಿ. ಹೊಗೆಸೊಪ್ಪಿನ ಮಂಟಯ್ಯನ ಮನೆಯಲ್ಲಿ ಬಲಗಾಲು. ನಮ್ಮ ಮನೆಯಲ್ಲಿ ಎಡಗೈ. ಮಿಕ್ಕ ನಾಲ್ಕು ಮನೆಗಳಲ್ಲಿ ಎದೆ, ಬೆನ್ನು, ಬಲಗೈ, ಎಡಗಾಲು. ಊರಿನಲ್ಲಿ ನಮ್ಮಪ್ಪನನ್ನು ಯಾರಾದರೂ ಕೇಳಿಕೊಂಡು ಬಂದರೆ, "ಎಡಗೈ ಚಲುವಯ್ಯನಾ? ಆ ಮೂಲೆ ಮನೆ ನೋಡಿ" ಅನ್ನುತ್ತಾರೆ.

ವರ್ಷಕ್ಕೊಮ್ಮೆ, ಹೊಂಗೆ ಹೂ ಬಿಟ್ಟಾಗ, ಮನೆಯ ಯಜಮಾನ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಪೆಟ್ಟಿಗೆಯ ಮುಚ್ಚಳ ಎತ್ತಿ ಒಂದು ಹಿಡಿ ಹೂ ಹಾಕಿ ಮುಚ್ಚಬೇಕು. ಒಳಗೆ ನೋಡಿದವರ ಕಣ್ಣು ಹೋಗುತ್ತದೆ. ಊರಿನಲ್ಲಿ ಯಾರ ಕಣ್ಣೂ ಹೋಗಿಲ್ಲ. ಆದ್ದರಿಂದ ಯಾರೂ ನೋಡಿಲ್ಲ ಅಂತ ಎಲ್ಲರೂ ನಂಬಿದ್ದಾರೆ. ಪೆಟ್ಟಿಗೆ ಮುಟ್ಟಿ ಸುಳ್ಳು ಆಣೆ ಇಟ್ಟರೆ ಶಿಕ್ಷೆ ಬೇರೆ: ಆ ಮನೆಯ ಮಕ್ಕಳ ಮಾತು ನಿಂತುಹೋಗುತ್ತದೆ. ನಾನು ಚಿಕ್ಕವಳಿದ್ದಾಗಿನಿಂದಲೂ ಅಷ್ಟಾಗಿ ಮಾತಾಡದವಳಾದ್ದರಿಂದ ನಮ್ಮ ಮನೆಯ ಬಗ್ಗೆ ಒಂದಿಬ್ಬರಿಗೆ ಮೊದಲಿಂದಲೂ ಅನುಮಾನವಿತ್ತು.

ಹೀಗೆ ಎಲ್ಲವೂ ನೆಟ್ಟಗೆ ನಡೆಯುತ್ತಿದ್ದಾಗ ಕಾಂತರಾಜಣ್ಣ ಗುಡಿಗೆ ಸಿಸಿಟಿವಿ ಹಾಕಿಸಿದ. ಕ್ಯಾಮೆರಾ ಬಂತು, ಆದರೆ ಅದಕ್ಕೆ ನೋಡಲು ಏನೂ ಇರಲಿಲ್ಲ. ಕಲ್ಲು ಅಲ್ಲಾಡುವುದಿಲ್ಲ. ಇಡೀ ದಿನ ಕಾಂತರಾಜಣ್ಣನ ಮೊಬೈಲಿನಲ್ಲಿ ಒಂದು ಬೆಕ್ಕು ಬಂದು ಮಲಗಿ ಎದ್ದು ಹೋಗುತ್ತಿತ್ತು.

"ಇಂಥಾ ಕ್ಯಾಮೆರಾ ಹಾಕ್ಸಿ ಬೆಕ್ಕು ಕಾಯಾದಾ?" ಅಂತ ಕಮಿಟಿಯಲ್ಲಿ ಕೂಗಾಡಿದ. "ಎಂಟು ಪೆಟ್ಗೇನೂ ಒಂದೇ ದೊಡ್ಡ ಪೆಟ್ಗೆಗೆ ಹಾಕಿ ಗುಡೀಲಿ ಮಡಗುವ. ಒಂದೇ ಬೀಗ. ಕ್ಯಾಮೆರಾನೂ ನೆಟ್ಟಗೆ ಅದುನ್ನೇ ನೋಡ್ಕಂಡಿರ್ತದೆ."

ಎಲ್ಲರೂ ಒಪ್ಪಿದರು. ದೊಡ್ಡ ಪೆಟ್ಟಿಗೆ ಎಷ್ಟು ದೊಡ್ಡದಿರಬೇಕು ಅನ್ನುವ ಮಾತು ಬಂದಾಗ ಮಾತ್ರ ಎಲ್ಲರೂ ನಮ್ಮ ಮನೆಯ ಕಡೆ ತಿರುಗಿದರು. ನಾನು ಗಣಿತ ಓದಿದವಳು. ಸಂಜೆ ಕಾಂತರಾಜಣ್ಣ ಜಗಲಿಯ ಮೇಲೆ ಕೂತು, "ಅನುಶ್ರೀ, ಎಷ್ಟಾಯ್ತದೆ ಒಂಚೂರು ನೋಡವ್ವ" ಅಂದ. ನಾನು "ಹ್ಞೂಂ" ಅಂದೆ. ಯಾರು ಏನು ಕೇಳಿದರೂ ನಾನು ಮೊದಲು ಹ್ಞೂಂ ಅನ್ನುತ್ತೇನೆ. ಆಮೇಲೆ ಒಳಗೊಳಗೇ ವಾಕ್ಯ ಜೋಡಿಸುತ್ತೇನೆ. ಅದು ಸಿದ್ಧವಾಗುವ ಹೊತ್ತಿಗೆ ಕೇಳಿದವರು ಎದ್ದು ಹೋಗಿರುತ್ತಾರೆ. ಜನ ಇದನ್ನು ವಿದ್ಯೆಯ ಗಾಂಭೀರ್ಯ ಅಂದುಕೊಂಡಿದ್ದಾರೆ.

ಅಪ್ಪ ದೇವರಕೋಣೆಯಿಂದ ಪೆಟ್ಟಿಗೆ ಹೊರಗೆ ತಂದ. ಉದ್ದ ಒಂದೂವರೆ ಅಡಿ, ಅಗಲ ಒಂದು ಅಡಿ. ಎತ್ತರ ಅಳೆಯಲು ಟೇಪನ್ನು ತಳಕ್ಕೆ ಸಿಕ್ಕಿಸಬೇಕಿತ್ತು. ಅಪ್ಪ ಒಂದು ತುದಿ ಹಿಡಿದ, ನಾನು ಇನ್ನೊಂದು ತುದಿ ಹಿಡಿದು ಭಾರವಿರುತ್ತದೆ ಅಂತ ಉಸಿರು ಬಿಗಿಹಿಡಿದು ಎತ್ತಿದೆ. ಪೆಟ್ಟಿಗೆ ನನ್ನ ಗಲ್ಲಕ್ಕೆ ಬಂದು ಬಡಿಯಿತು. ಒಳಗೆ ಒಣಗಿದ ಹೂವೆಲ್ಲ ಸರಕ್ ಅಂತ ಅಪ್ಪನ ಕಡೆಗೆ ಜಾರಿತು. ಅದೊಂದೇ ಸದ್ದು. ಅದರ ಜೊತೆಗೆ ಇನ್ನೇನೂ ಜಾರಲಿಲ್ಲ.

ಅಪ್ಪ ನನ್ನ ಮುಖ ನೋಡಿದ. ನಾನು ಟೇಪು ನೋಡಿದೆ.

"ಎಷ್ಟಾಯ್ತು ಮಗ?" ಅಂದ.

"ಒಂದು ಅಡಿ."

"ಸರಿ ಬುಡು," ಅಂದ.

ಮಿಕ್ಕ ಏಳು ಮನೆಗೆ ಟೇಪು ಹಿಡಿದು ಹೋದೆ. ಯಾರೂ ಪೆಟ್ಟಿಗೆ ಮುಟ್ಟಗೊಡಲಿಲ್ಲ. "ಎಲ್ಲಾ ಒಬ್ನೇ ಆಚಾರಿ ಮಾಡಿರಾದು ಕಣವ್ವ, ನಿಮ್ಮನೇದು ಎಷ್ಟೋ ನಮ್ದೂ ಅಷ್ಟೇ," ಅಂತ ಬಾಗಿಲಲ್ಲೇ ನಿಲ್ಲಿಸಿ ಮಜ್ಜಿಗೆ ಕೊಟ್ಟು ಕಳಿಸಿದರು. ಏಳು ಮನೆಯಲ್ಲೂ ಅದೇ ಮಾತು, ಅದೇ ಮಜ್ಜಿಗೆ.

ಒಂದು ಪೆಟ್ಟಿಗೆ ಒಂದೂವರೆ ಘನ ಅಡಿ. ಎಂಟಕ್ಕೆ ಹನ್ನೆರಡು. ಕಾಂತರಾಜಣ್ಣ ಇನ್ನೂ ಮೂರು ಕಟ್ಟಳೆ ಹಾಕಿದ್ದ. ಗುಡಿಯ ಬಾಗಿಲು ಕಿರಿದು, ಆದ್ದರಿಂದ ಅಗಲ ಎರಡು ಅಡಿ ಮೀರುವಂತಿಲ್ಲ. ಕಲ್ಲಿನ ಮುಂದಿನ ಜಾಗ ನಾಲ್ಕೇ ಅಡಿ ಉದ್ದ. ಅಮ್ಮನ ಬೆಳ್ಳಿ ಕಣ್ಣಿಗೆ ಅಡ್ಡ ಬರಬಾರದು, ಆದ್ದರಿಂದ ಎತ್ತರ ಒಂದೂವರೆ ಅಡಿ, ಅಷ್ಟೇ. ನಾಲ್ಕು, ಎರಡು, ಒಂದೂವರೆ; ಗುಣಿಸಿ ನೋಡಿದೆ. ಹನ್ನೆರಡು! ಒಂದು ಕೂದಲೆಳೆ ಹೆಚ್ಚಿಲ್ಲ, ಕಡಿಮೆಯಿಲ್ಲ. ನನ್ನ ಜೀವನದಲ್ಲಿ ಯಾವುದೂ ಹೀಗೆ ಕೂಡಿಬಂದಿರಲಿಲ್ಲ. ಚಿಕ್ಕ ಪೆಟ್ಟಿಗೆಗಳನ್ನು ಉದ್ದುದ್ದಕ್ಕೆ ಎತ್ತಿ ನಿಲ್ಲಿಸಿದರೆ ನಾಲ್ಕು ನಾಲ್ಕರ ಎರಡು ಸಾಲು, ಬಸ್ಸಿನ ಸೀಟಿನ ಹಾಗೆ ಕೂತುಬಿಡುತ್ತವೆ. ಚಿತ್ರವನ್ನೂ ಬರೆದೆ. ಕಾಂತರಾಜಣ್ಣ "ಹನ್ನೆರಡಾ? ಸರಿ" ಅಂದವನು ಚಿತ್ರ ನೋಡದೆ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟುಕೊಂಡ. "ಎತ್ತಿ ನಿಲ್ಲಿಸಬೇಕು" ಅನ್ನುವ ವಾಕ್ಯ ನನ್ನಲ್ಲಿ ಸಿದ್ಧವಾಗುವ ಹೊತ್ತಿಗೆ ಅವನ ಬೈಕು ತಿರುವು ದಾಟಿತ್ತು.

ಹುಣಸೂರಿನ ವೆಲ್ಡಿಂಗ್ ಶಾಪಿನ ಮಹೇಶ್‌ಕುಮಾರ್ ತನಗೆ ಹೇಳಿದ ಅಳತೆಗೆ ಅರ್ಧ ಬೆರಳಿನ ಸಡಿಲ ಸೇರಿಸಿ ಉಕ್ಕಿನ ಪೆಟ್ಟಿಗೆ ಮಾಡಿ ಟೆಂಪೊದಲ್ಲಿ ತಂದುಕೊಟ್ಟ. ಮಾವಿನ ತೋರಣ ಕಟ್ಟಿ ಗುಡಿಯ ಮುಂದಿನ ಚಪ್ಪರದಲ್ಲಿ ಇಟ್ಟರು. ಒಂದು ಕಡೆ ಅಡುಗೆಯ ಮರಮ್ಮ ಮೂರು ಕಲ್ಲು ಹೂಡಿ ಇಡೀ ಊರಿನ ಊಟಕ್ಕೆ ಒಲೆ ಹಚ್ಚಿದಳು. ಒಂದೊಂದೇ ಮನೆಯಿಂದ ಪೆಟ್ಟಿಗೆಗಳು ಬರತೊಡಗಿದವು.

ಅವು ಬಂದ ರೀತಿ ನೋಡಬೇಕಿತ್ತು. ಕಾಂತರಾಜಣ್ಣನ ಮುಖದ ಪೆಟ್ಟಿಗೆಯನ್ನು ನಾಲ್ಕು ಜನ ಹೊತ್ತಿದ್ದರು. ಒಂದೂವರೆ ಅಡಿಯ ಪೆಟ್ಟಿಗೆಯನ್ನು ನಾಲ್ಕು ಜನ ಹಿಡಿಯುವುದೇ ಕಷ್ಟ; ಎಂಟು ಕೈಯಲ್ಲಿ ಪೆಟ್ಟಿಗೆಯೇ ಕಾಣುತ್ತಿರಲಿಲ್ಲ. "ಉಸ್ಸಪ್ಪಾ, ಅಮ್ಮ ಏನ್ ಭಾರ ಅವ್ಳೆ!" ಅಂತ ಕೆಳಗಿಳಿಸಿ ಬೆನ್ನು ನೀವಿಕೊಂಡರು. ಮಂಟಯ್ಯ ಬಲಗಾಲನ್ನು ಹೆಗಲ ಮೇಲೆ ಹೊತ್ತು ತೇಕುತ್ತಾ ಬಂದು ನೆಲಕ್ಕಿಟ್ಟ. ಅಷ್ಟರಲ್ಲಿ ಯಾರದೋ ಮೇಕೆಮರಿ ಬಂದು ಅದಕ್ಕೆ ಮೈ ಉಜ್ಜಿತು. ಬಲಗಾಲು ಒಂದು ಮಾರು ದೂರ ಜಾರಿಹೋಯಿತು. ಮಂಟಯ್ಯ ಮೇಕೆಯನ್ನೇ ನೋಡುತ್ತಾ, "ಏನ್ ಬಲ ಐತಲಾ ಈ ಮರೀಗೆ," ಅಂದ.

ನಮ್ಮಪ್ಪನೂ ಕುಂಟುತ್ತಾ ಬಂದ. ಅಪ್ಪನಿಗೆ ನಟನೆ ಬರುವುದಿಲ್ಲ. ಭಾರ ಹೊತ್ತವನ ಹಾಗೆ ಮಾಡಲು ಹೋಗಿ ಕಾಲುನೋವಿನವನ ಹಾಗೆ ಕಾಣುತ್ತಿದ್ದ.

ತುಂಬುವ ಕೆಲಸ ಶುರುವಾಯಿತು. ಮುಖ ಹೋಯಿತು, ಮುಡಿ ಹೋಯಿತು, ಎದೆ, ಬೆನ್ನು. ಮಿಕ್ಕ ಜಾಗದಲ್ಲಿ ಅಡ್ಡಲಾಗಿ ಬಲಗೈ ಹೋಯಿತು. ಅಲ್ಲಿಗೆ ನೆಲ ಮುಗಿಯಿತು. ಮೇಲೆ ಅರ್ಧ ಅಡಿ ಗಾಳಿ ಉಳಿದಿತ್ತು. ಒಂದು ಅಡಿ ಎತ್ತರದ ಪೆಟ್ಟಿಗೆ ಅದರಲ್ಲಿ ಕೂರುವ ಹಾಗಿರಲಿಲ್ಲ. ಎರಡು ಕಾಲು, ಒಂದು ಎಡಗೈ ಹೊರಗೇ ಉಳಿದವು. ನಾನು ಕಂಬದ ಹಿಂದೆ ನಿಂತು ಲೆಕ್ಕ ಹಾಕಿದೆ: ಒಳಗೆ ಖಾಲಿ ಉಳಿದ ಗಾಳಿ ನಾಲ್ಕೂವರೆ ಘನ ಅಡಿ. ಹೊರಗುಳಿದ ಮೂರು ಪೆಟ್ಟಿಗೆಯೂ ಸೇರಿ ನಾಲ್ಕೂವರೆ ಘನ ಅಡಿ. ಜಾಗ ಇತ್ತು. ಅದು ಬೇರೆ ಆಕಾರದಲ್ಲಿತ್ತು.

ಕಾಂತರಾಜಣ್ಣ ಎಲ್ಲವನ್ನೂ ತೆಗೆಸಿ ಮತ್ತೆ ತುಂಬಿಸಿದ. ಮತ್ತೆ ಐದೇ. ಕೊನೆಗೆ ಜೇಬಿನಿಂದ ನನ್ನ ಹಾಳೆ ತೆಗೆದು ಬಿಡಿಸಿದ. ಚಿತ್ರ ನೋಡಿದ. ಹಾಳೆ ತಿರುಗಿಸಿ ನೋಡಿದ. ಮುಖ ಅರಳಿತು.

"ಅಯ್ಯೋ, ನಿಲ್ಸಾದು ಕಣ್ರಲಾ! ಉದ್ದುದ್ದಕ್ಕೆ ನಿಲ್ಸಾದು!" ಅಂತ ಮುಡಿಯ ಪೆಟ್ಟಿಗೆಯನ್ನು ಎತ್ತಿ ಲಂಬವಾಗಿ ನಿಲ್ಲಿಸಿದ. ಒಂದೇ ಕೈಯಲ್ಲಿ ನಿಲ್ಲಿಸಿದ ಅನ್ನುವುದನ್ನು ನಾನೊಬ್ಬಳೇ ಗಮನಿಸಿದೆನೇನೋ.

ದೊಡ್ಡತಾಯಜ್ಜಿ ಚಪ್ಪರ ಹಾರಿಹೋಗುವ ಹಾಗೆ ಕೂಗಿದಳು.

"ಲೇ ಕಾಂತ! ನಿನ್ ಕೈ ಸೇದೋಗ! ಅಮ್ಮ ಅಂಗಾತ ಮಲಗವ್ಳೆ ಕಣ್ಲಾ ಒಳಗೆ! ಮನಗಿರೋಳ್ನ ಎಬ್ಬಿಸಿ ನಿಲ್ಸೀಯಾ?"

"ನಿಂತ್ಕಳ್ಳಿ ಬುಡಜ್ಜಿ, ಸ್ವಲ್ಪ ದಿನ…"

"ತಲೆ ಯಾವ ಕಡೆ ಐತೆ ಅಂತ ನೀ ಕಂಡಿದ್ದೀಯಾ? ತಲೆಕೆಳಗೆ ನಿಂತ್ಕಂಡ್ರೆ? ನಿಮ್ಮವ್ವುನ್ನ ಅಂಗೆ ನಿಲ್ಸೀಯಾ?"

"ಮುಡಿ ಅಲ್ವಾ ಅಜ್ಜಿ ನಿಮ್ಮನೇದು? ಮುಡೀಗೆ ಎಲ್ಲಿಂದ ಬಂತು ತಲೆ?" ಅಂತ ಯಾರೋ ಹಿಂದಿನಿಂದ ಕೇಳಿದರು.

"ತಲೆ ಇಲ್ದೆ ಮುಡಿ ಬತ್ತದೇನ್ಲಾ ಬೋಳ್ತಲೆಯವ್ನೇ!"

ಪೆಟ್ಟಿಗೆಯನ್ನು ಮಲಗಿಸಿದರು. ನಮ್ಮ ಮನೆಯಲ್ಲಿಯೂ ಪೆಟ್ಟಿಗೆ ಸದಾ ಮಲಗಿಯೇ ಇರುತ್ತಿತ್ತು. ಅದು ನಿಯಮ ಅಂತ ನನಗೆ ಹೊಳೆದಿರಲಿಲ್ಲ. ಪೆಟ್ಟಿಗೆಗಳು ಸಾಮಾನ್ಯವಾಗಿ ಹಾಗೇ ಇರುತ್ತವೆ ಅಂದುಕೊಂಡಿದ್ದೆ.

"ಆ ಹುಡುಗಿ ಲೆಕ್ಕವೇ ತಪ್ಪು," ಅಂತ ಮಂಟಯ್ಯ ತೀರ್ಪು ಕೊಟ್ಟ.

ನನ್ನ ಹೊಟ್ಟೆ ತಣ್ಣಗಾಯಿತು. ಹ್ಞೂಂ ಅನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಅಪ್ಪ, ಯಾವತ್ತೂ ಸಭೆಯಲ್ಲಿ ಮಾತಾಡದ ಅಪ್ಪ, "ನಮ್ ಮಗ ಲೆಕ್ಕ ತಪ್ಪಲ್ಲ ಕಣ್ರೀ, ಬೇಕಾದ್ರೆ ಅಳ್ದು ನೋಡಿ," ಅಂದುಬಿಟ್ಟ.

ಅಳೆದು ನೋಡಿದರು. ಗಾರೆ ಕೆಲಸದವರು ಜಲ್ಲಿ ಅಳೆಯುವ ಒಂದು ಅಡಿಯ ಚೌಕ ಪೆಟ್ಟಿಗೆ ತಂದರು. ದೊಡ್ಡ ಪೆಟ್ಟಿಗೆ ಖಾಲಿ ಮಾಡಿ, ಕಾಂತರಾಜಣ್ಣನ ಮನೆಯಿಂದ ರಾಗಿ ಮೂಟೆ ಇಳಿಸಿ, ಅಳೆದಳೆದು ಸುರಿದರು. ಊರೇ ಸುತ್ತ ನಿಂತು ಎಣಿಸಿತು. ಹನ್ನೆರಡನೆಯದು ಬಿದ್ದಾಗ ರಾಗಿ ಅಂಚಿಗೆ ಅರ್ಧ ಬೆರಳು ತಗ್ಗಿನಲ್ಲಿ, ನೀರಿನ ಹಾಗೆ ಸಪಾಟಾಗಿ ನಿಂತಿತು. ಜನ ಚಪ್ಪಾಳೆ ತಟ್ಟಿದರು. ರಾಗಿಗೆ ಮಲಗುವುದು ನಿಲ್ಲುವುದು ಅಂತ ಭೇದವಿಲ್ಲ ಅನ್ನುವುದು ಯಾರಿಗೂ ಹೊಳೆಯಲಿಲ್ಲ.

"ಲೆಕ್ಕ ಸರಿ ಐತೆ," ಅಂದ ಕಾಂತರಾಜಣ್ಣ. "ಪೆಟ್ಗೇನೂ ಸರಿ ಐತೆ. ಅಂದ್ಮೇಲೆ ಯಾತರದು ತಪ್ಪು?"

ಆಮೇಲೆ ದೊಡ್ಡತಾಯಜ್ಜಿ ಕೈ ಮುಗಿದು, "ಅಮ್ಮ ಬೆಳೆದವ್ಳೆ," ಅಂದಳು.

ಇದು ಎಲ್ಲರಿಗೂ ಒಪ್ಪಿಗೆಯಾಯಿತು. ಹಳೆಯ ಆಚಾರಿ ಪೆಟ್ಟಿಗೆ ಮಾಡಿದಾಗ ಅಮ್ಮ ಹನ್ನೆರಡು ಘನ ಅಡಿ ಇದ್ದಳು, ಈಗ ಬೆಳೆದಿದ್ದಾಳೆ, ಅದಕ್ಕೇ ಹಿಡಿಸುತ್ತಿಲ್ಲ. ಪೆಟ್ಟಿಗೆಯ ಮರ ಬೆಳೆಯದೆ ಒಳಗಿನ ಅಮ್ಮ ಹೇಗೆ ಬೆಳೆದಳು ಅಂತ ಕೇಳುವ ವಾಕ್ಯವನ್ನು ನಾನು ಜೋಡಿಸುತ್ತಿದ್ದೆ. ಅಷ್ಟರಲ್ಲಿ ಮಾತು ಮುಂದೆ ಹೋಗಿತ್ತು. ಮೂರು ಪಾಲು ಹೊರಗೆ ಉಳಿಯಲೇಬೇಕು. ಯಾವ ಮೂರು?

"ಕಾಲು ಎರಡೂ ಆಚೆ ಇರ್ಲಿ," ಅಂದ ಕಾಂತರಾಜಣ್ಣ. "ನಾವೂ ಮನಗಿದಾಗ ಕಾಲು ಕಂಬಳಿಯಿಂದ ಆಚೆ ಇರಾಕಿಲ್ವಾ? ಅಂಗೇಯಾ."

"ಲೋ, ನೀ ನಿನ್ ಮುಖಾನೇ ಮಡಗೋ ಆಚೆ!" ಅಂತ ಮಂಟಯ್ಯ ಎದ್ದ. "ಕಂಬಳಿಯಿಂದ ಆಚೆ ಮೊದ್ಲು ಇರಾದು ಮುಖ ಕಣ್ಲಾ! ಕಾಲಿಲ್ದೆ ಅಮ್ಮ ಎಂಗ್ ಬತ್ತಾಳೆ ನಿನ್ತಾವ? ತೆವಳ್ಕಂಡಾ?"

"ಎಡಗೈಯಂತೂ ಬ್ಯಾಡ್ವೇ ಬ್ಯಾಡ," ಅಂದರು ಬಲಗೈ ಮನೆಯವರು. "ಎಡಗೈಲಿ ಯಾವ ಒಳ್ಳೆ ಕೆಲ್ಸ ಆಯ್ತದೆ?"

ಅಪ್ಪ ಹೆಗಲ ಮೇಲಿನ ಟವೆಲ್ಲನ್ನು ಕೈಯಲ್ಲಿ ಹಿಂಡುತ್ತಾ ನಿಂತಿದ್ದ. ಪೆಟ್ಟಿಗೆ ಹೊರಗುಳಿದರೆ ಏನಾಗುತ್ತದೆ ಅಂತ ನನಗೆ ಗೊತ್ತಿತ್ತು. ನಾಳೆಯಿಂದ ಗುಡಿಯ ಪಂಕ್ತಿಯಲ್ಲಿ ನಮ್ಮ ಮನೆಗೆ ಎಲೆ ಇಲ್ಲ, ಕೂಗುವ ಹೆಸರಿಲ್ಲ. ಅಮ್ಮ ಬೇಡ ಅಂದ ಮನೆ ಅನ್ನುತ್ತಾರೆ. ಊರಿನಲ್ಲಿ ಅಪ್ಪನಿಗಿದ್ದದ್ದು ಆ ಎಡಗೈಯೊಂದೇ.

ಕೊನೆಗೆ ತೂಕ ಹಾಕುವುದು ಅಂತಾಯಿತು. ಬೆಳೆದ ಅಮ್ಮ ಭಾರವಿರಬೇಕಷ್ಟೆ? ಹೆಚ್ಚು ತೂಗುವ ಐದು ಪೆಟ್ಟಿಗೆ ಒಳಗೆ, ಹಗುರವಾದ ಮೂರು ಹೊರಗೆ. ಮಂಟಯ್ಯ ಹೊಗೆಸೊಪ್ಪು ಒಣಗಿಸುವ ಬ್ಯಾರನ್ನಿನಿಂದ ಸೊಪ್ಪಿನ ಬೇಲು ತೂಗುವ ಬ್ಯಾಟರಿಯ ತಕ್ಕಡಿ ತರಲು ಆಳು ಹೋದ.

ಚಪ್ಪರದೊಳಗೆ ಇದ್ದಕ್ಕಿದ್ದ ಹಾಗೆ ಭಕ್ತಿ ಹೆಚ್ಚಿತು.

"ತಕ್ಕಡಿಗೆ ಇಡಾಕೆ ಮುಂಚೆ ಮನೇಗೆ ತಗಂಡೋಗಿ ಒಂದ್ ಎಣ್ಣೆಬತ್ತಿ ಹಚ್ಚಿ ತತ್ತೀನಿ," ಅಂದ ಮಂಟಯ್ಯ.

"ನಾನೂ ಒಂಚೂರು ಧೂಪ ಹಾಕ್ಸಿ ತತ್ತೀನಿ," ಅಂದ ಕಾಂತರಾಜಣ್ಣ.

ಎಂಟು ಮನೆಯವರೂ ಎಂಟು ಪೆಟ್ಟಿಗೆಗಳನ್ನು ಕಂಕುಳಲ್ಲಿ ಇರುಕಿಕೊಂಡು ದಾಪುಗಾಲು ಹಾಕಿದರು. ಬರುವಾಗ ನಾಲ್ಕು ಜನ ಹೊತ್ತ ಮುಖ ಹೋಗುವಾಗ ಕಾಂತರಾಜಣ್ಣನ ಬೈಕಿನ ಟ್ಯಾಂಕಿನ ಮೇಲೆ ಕೂತು ಹೋಯಿತು.

ಮನೆಗೆ ಬಂದ ಅಪ್ಪ ದೇವರಕೋಣೆಗೆ ಹೋಗದೆ ಅಡುಗೆಮನೆಗೆ ಹೋದ.

"ಭಾಗ್ಯ, ಒಳ್ಕಲ್ಲು ಗುಂಡು ಎಲ್ಲೈತೆ?"

ಅವ್ವ ಒಲೆಯ ಮುಂದಿನಿಂದ ತಿರುಗಿ, "ಒಳ್ಕಲ್ಲಲ್ಲೇ ಐತೆ. ಯಾಕೆ, ನೀವು ಕಾರ ಅರೀತೀರಾ?" ಅಂದಳು. ಆಮೇಲೆ ಅಪ್ಪನ ಕಂಕುಳಲ್ಲಿದ್ದ ಪೆಟ್ಟಿಗೆ ನೋಡಿದಳು. ಕಾರ ಅರೆದು ಅರೆದು ನುಣ್ಣಗಾದ ಆ ಗುಂಡನ್ನು ಏನೂ ಕೇಳದೆ ತೊಳೆದು ಸೆರಗಿನಲ್ಲಿ ಒರೆಸಿ ಕೊಟ್ಟಳು. ಉರುಳಬಾರದು ಅಂತ ತನ್ನದೊಂದು ಹಳೆಯ ಸೀರೆಯನ್ನೂ ಕೊಟ್ಟಳು.

ಅಪ್ಪ ಟವೆಲ್ಲನ್ನು ಕಣ್ಣಿಗೆ ಕಟ್ಟಿಕೊಂಡ. ತಡವರಿಸಿಕೊಂಡು ಮುಚ್ಚಳ ಎತ್ತಿದ. ಸೀರೆ ಸುತ್ತಿದ ಗುಂಡನ್ನು ಮಗುವನ್ನು ತೊಟ್ಟಿಲಿಗೆ ಇಳಿಸುವ ಹಾಗೆ ಒಳಗಿಟ್ಟು, ಸುತ್ತ ಒಣಹೂವನ್ನು ಒತ್ತರಿಸಿ, ಮುಚ್ಚಿದ. ಕಟ್ಟು ಬಿಚ್ಚಿದಾಗ ಬಾಗಿಲಲ್ಲಿ ನಿಂತಿದ್ದ ನನ್ನನ್ನು ಕಂಡ.

"ಕಣ್ ಮುಚ್ಕಂಡೇ ಇಟ್ಟಿವ್ನಿ ಮಗ," ಅಂದ. "ನಾನೇನೂ ನೋಡಿಲ್ಲ."

ಹ್ಞೂಂ ಅಂದೆ. ಬಾಗಿಲಿನಿಂದ ನಾನು ನೋಡಿದ್ದೆ. ನನ್ನ ಕಣ್ಣಿಗೆ ಏನೂ ಆಗಲಿಲ್ಲ. ಪೆಟ್ಟಿಗೆಯ ತಳ, ಹೂವಿನ ಪುಡಿ, ಒಂದು ಸತ್ತ ಜಿರಳೆ.

ಈ ಸಲ ಪೆಟ್ಟಿಗೆಗಳು ನಿಜವಾಗಿಯೂ ಭಾರವಾಗಿ ಬಂದವು. ಜನರ ಕತ್ತಿನ ನರಗಳೇ ಹೇಳುತ್ತಿದ್ದವು. ಬೈಕಿನ ಮೇಲೆ ಹೋದ ಮುಖವನ್ನು ವಾಪಸು ತರಲು ತಳ್ಳುಗಾಡಿ ಬೇಕಾಯಿತು. ಅದನ್ನು ತಕ್ಕಡಿಗೆ ಇಳಿಸಿದಾಗ ಒಳಗೆ ಖಣಲ್ ಅಂತ ಕಬ್ಬಿಣದ ಸದ್ದಾಯಿತು.

"ಅಮ್ಮನ ಮೂಗುತಿ," ಅಂದ ಕಾಂತರಾಜಣ್ಣ.

ಮೂಗುತಿ ಸೇರಿ ಮುಖ ಮೂವತ್ತೆಂಟು ಕೆಜಿ ತೂಗಿತು. ಮಂಟಯ್ಯನ ಬಲಗಾಲು ನಲವತ್ತೊಂದು. ನಮ್ಮ ಎಡಗೈ ಹದಿನಾಲ್ಕು. ಮಿಕ್ಕವೂ ಹಾಗೇ ಇದ್ದವು. ದೊಡ್ಡತಾಯಜ್ಜಿಯ ಮನೆಯ ಮುಡಿಯೊಂದೇ ಇಪ್ಪತ್ತಾರು ಕೆಜಿ. ಅಷ್ಟು ಕೂದಲು ಹೊತ್ತವಳ ಕತ್ತು ಹೇಗಿರಬೇಕು ಅಂತ ನಾನು ಯೋಚಿಸುತ್ತಿದ್ದಾಗ ಮರಮ್ಮ ಸೌಟು ಹಿಡಿದು ಚಪ್ಪರಕ್ಕೆ ನುಗ್ಗಿದಳು.

"ಕರೆಂಟಿಲ್ಲ, ಮಿಕ್ಸಿ ತಿರುಗ್ತಿಲ್ಲ! ಸಾರಿಗೆ ಕಾರ ಅರೆಯಾಕೆ ಒಳ್ಕಲ್ಲು ಹುಡಿಕ್ಕಂಡ್ ಮನೆಮನೆ ತಿರುಗ್ದೆ ಕಣ್ರಪ್ಪ. ನಿಮ್ಮ ಎಂಟು ಮನೇಲೂ ಒಳ್ಕಲ್ಲು ಐತೆ, ಒಂದರಲ್ಲೂ ಗುಂಡಿಲ್ಲ! ಅಂಗಡೀಲಿ ತೂಕದ ಬಟ್ಟಿಲ್ಲ! ಏನಾಗೈತೆ ಈ ಊರ್ಗೆ?"

ಕೆಲವರು ಆಕಾಶ ನೋಡಿದರು. ಕಾಂತರಾಜಣ್ಣ ಕ್ಯಾಮೆರಾ ನೋಡಿದ. ಕರೆಂಟಿಲ್ಲದೆ ಅದೂ ಕಣ್ಣು ಮುಚ್ಚಿಕೊಂಡಿತ್ತು.

"ಮುಖಕ್ಕಿಂತ ಕಾಲು ಭಾರ ಅಂದ್ರೆ ನಾನಂತೂ ನಂಬಾಕಿಲ್ಲ," ಅಂದ ಆಮೇಲೆ. "ಯಾರೋ ಕಲ್ಲು ತುಂಬವ್ರೆ."

"ಯಾರೋ ಕಬ್ಬಿಣಾನೂ ತುಂಬವ್ರೆ," ಅಂದ ಮಂಟಯ್ಯ.

"ನಡೀರಿ ಅಂಗಾರೆ, ಆಣೆ ಇಡಿ!" ಅಂದ ಕಾಂತರಾಜಣ್ಣ. "ಒಬ್ಬೊಬ್ರೇ ಪೆಟ್ಗೆ ಮ್ಯಾಲೆ ಕೈ ಮಡಗಿ, ನಮ್ ಪೆಟ್ಗೇಲಿ ಅಮ್ಮ ಅವ್ಳೆ ಅನ್ನಿ. ಅಂದೋರ್ದು ಒಳಗೆ, ಅನ್ದೇ ಇದ್ದೋರ್ದು ಆಚೆ."

"ನೀನೇ ಮೊದ್ಲು ಇಡು."

"ಅಧ್ಯಕ್ಷ ಕೊನೇಲಿ ಇಡಾದು ಕಣೋ. ಕಡೆಯಿಂದ ಬರ್ಲಿ. ಯಾರ್ದು ಕಡೇದು?"

ಸಾಲಿನ ಕಡೆಯಲ್ಲಿ ನಮ್ಮ ಎಡಗೈ ಇತ್ತು.

ಅಪ್ಪ ಚಪ್ಪಲಿ ಬಿಟ್ಟು ಮುಂದೆ ಬಂದ. ಟವೆಲ್ಲನ್ನು ಸೊಂಟಕ್ಕೆ ಸುತ್ತಿದ. ರಾಹುಕಾಲದಲ್ಲಿ ಬಾವಿಯ ಪಂಪ್‌ಸೆಟ್ ಕೂಡ ಹಾಕದ ಮನುಷ್ಯ. ಪೆಟ್ಟಿಗೆಯ ಮುಂದೆ ಮಂಡಿಯೂರಿ ಕೂತು ತಲೆಯೆತ್ತಿ ಜನರ ನಡುವೆ ಹುಡುಕಿದ. ಕಾಂತರಾಜಣ್ಣನನ್ನಲ್ಲ, ಅವ್ವನನ್ನೂ ಅಲ್ಲ. ಕಂಬದ ಹಿಂದೆ ನನ್ನನ್ನು ಕಂಡ. ನನ್ನ ಕಣ್ಣು ನೋಡಲಿಲ್ಲ, ನನ್ನ ಬಾಯಿಯನ್ನು ನೋಡಿದ. ನಾಳೆ ಬೆಳಿಗ್ಗೆ ಅದರಲ್ಲಿ ಮಾತು ಇರುತ್ತದೋ ಇಲ್ಲವೋ ಅಂತ ಕೊನೆಯ ಸಲ ನೋಡುವ ಹಾಗೆ.

ನಾನು ಲೆಕ್ಕ ಹಾಕಿದೆ. ನನಗೆ ಬರುವುದು ಅದೊಂದೇ. ನಮ್ಮ ಪೆಟ್ಟಿಗೆಯಲ್ಲಿ ಅಮ್ಮ ಇಲ್ಲ. ಇಲ್ಲದ ಅಮ್ಮ ಮಲಗಿರಲಾರಳು. ಆದ್ದರಿಂದ ಅದನ್ನು ಎತ್ತಿ ನಿಲ್ಲಿಸಬಹುದು. ಆದರೆ ನಮ್ಮದೊಂದು ನಿಂತರೆ ಅರ್ಧ ಚದರ ಅಡಿ ನೆಲ ಉಳಿಯುತ್ತದೆ, ಅಷ್ಟೇ. ಅದರಲ್ಲಿ ಇನ್ನೊಬ್ಬರ ಪೆಟ್ಟಿಗೆ ಹಿಡಿಸುವುದಿಲ್ಲ. ಎಂಟೂ ನಿಂತರೆ ಮಾತ್ರ ಎಂಟೂ ಒಳಗೆ. ಎಂಟು ಮನೆಯವರೂ ಬಾಯಿ ಬಿಟ್ಟರೆ ಮಾತ್ರ. ಒಬ್ಬಳೇ ಹೇಳಿದರೆ ಲೆಕ್ಕದ ಪ್ರಕಾರ ಏನೇನೂ ಪ್ರಯೋಜನವಿಲ್ಲ. ಎಷ್ಟು ಸಲ ಗುಣಿಸಿದರೂ ಅಷ್ಟೇ ಬಂತು.

ಅಪ್ಪನ ಕೈ ಮೇಲೆದ್ದಿತ್ತು. ಮುಚ್ಚಳಕ್ಕೂ ಅಂಗೈಗೂ ನಡುವೆ ಒಂದು ಗೇಣು, ಆಮೇಲೆ ನಾಲ್ಕು ಬೆರಳು. ನನ್ನೊಳಗೆ ವಾಕ್ಯ ಇನ್ನೂ ಸಿದ್ಧವಾಗಿರಲಿಲ್ಲ. ಎಲ್ಲಿಂದ ಶುರುಮಾಡಬೇಕು, 'ನನಗನಿಸುವ ಮಟ್ಟಿಗೆ' ಅನ್ನಬೇಕೋ, 'ದಯವಿಟ್ಟು ತಪ್ಪು ತಿಳಿಯಬೇಡಿ' ಅನ್ನಬೇಕೋ, ಒಂದೂ ಕೂಡಿಬಂದಿರಲಿಲ್ಲ. ಕಾಲು ಮಾತ್ರ ಕಂಬದ ಹಿಂದಿನಿಂದ ಆಚೆ ಬಂದಿತ್ತು. ಮಂಟಯ್ಯ ತಿರುಗಿ ನೋಡಿದ. ದೊಡ್ಡತಾಯಜ್ಜಿ ತಿರುಗಿ ನೋಡಿದಳು. ಮರಮ್ಮ ಸೌಟು ಹಿಡಿದ ಕೈಯನ್ನು ಅಲ್ಲೇ ನಿಲ್ಲಿಸಿದಳು.

"ಅಪ್ಪ, ಮುಟ್ಟಬೇಡ," ಅಂದೆ. ನನ್ನ ದನಿ ನಾನಂದುಕೊಂಡದ್ದಕ್ಕಿಂತ ದೊಡ್ಡದಾಗಿತ್ತು. ಉಕ್ಕಿನ ಪೆಟ್ಟಿಗೆಯೊಳಗೆ ಹೊಕ್ಕು ಮತ್ತೆ ನನಗೇ ಕೇಳಿಸಿತು. "ಅದರಲ್ಲಿ ಅಮ್ಮ ಇಲ್ಲ. ಇರೋದು ನಮ್ಮನೆ ಒಳ್ಕಲ್ಲು ಗುಂಡು. ಅದನ್ನ ನಿಲ್ಲಿಸಬೌದು."